ಭಾವ ಏರಿಸಿದ ಕೋಳಿಪಂಜರ

ಮದ್ರಾಸು ಶಹರ ಇವತ್ತಿನವರೆಗೂ ಸಮುದ್ರದೊಳಕ್ಕೆ ಜಾರಿಬೀಳದೆ ನಿಂತಿದೆಯೆಂದರೆ ಅದಕ್ಕೆ ನಮ್ಮ ಭಾವನೇ ಕಾರಣ! ಅದಕ್ಕೆ ಈಗ ಚೆನ್ನೈ ಎಂದು ಹೆಸರಿಟ್ಟಿದ್ದಾರಂತೆ. ಇಡಲಿ. ಆದರೆ ಇಡುವ ಮುಂಚೆ ಭಾವನನ್ನು ಒಂದು ಮಾತು ಕೇಳಬಹುದಿತ್ತು. ಮೂವತ್ತು ವರ್ಷ ಆ ಶಹರದ ಬೆಂಕಿ ಆರಿಸಿದವರು, ಕೂವಂ ಹೊಳೆ ಉಕ್ಕಿದಾಗ ಜನರನ್ನು ಹೆಗಲ ಮೇಲೆ ಹೊತ್ತು ದಡ ಸೇರಿಸಿದವರು, ಬಿರುಗಾಳಿಯ ಕಿವಿ ಹಿಡಿದು ಆಂಧ್ರದ ಕಡೆಗೆ ತಿರುಗಿಸಿ ಕಳಿಸಿದವರು. ನಮ್ಮ ಊರಿನಲ್ಲಿ ಎಲ್ಲರೂ ನಂಬಿದ್ದದ್ದು ಹೀಗೆ. ಭಾವ ಮಾತ್ರ ಒಂದು ದಿನವೂ ತಮ್ಮ ಬಾಯಿಂದ ಇದನ್ನು ಹೇಳಿದವರಲ್ಲ. ಹೇಳಿದವನು ನಾನು. ಈ ಬರಹ ಒಂದು ತಪ್ಪೊಪ್ಪಿಗೆ. ಆದರೆ ತಪ್ಪು ನೀವು ಈಗ ಊಹಿಸಿದ್ದಲ್ಲ. ಸ್ವಲ್ಪ ತಾಳಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕ ಊರಲ್ಲೇ ಉಳಿದಳು, ಭಾವ ರಜೆಗೆ ಬಂದು ಹೋಗುತ್ತಿದ್ದರು. ನಮ್ಮದು ತಮಿಳು ಸೀಮೆಯ ಕೊಂಬೈಗೂ ಬೆಟ್ಟಕ್ಕೂ ನಡುವೆ, ಹಳ್ಳದ ದಂಡೆಯ ಮೇಲಿರುವ ಊರು. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆ ಬಿಟ್ಟು, ದನ ಹೊಡೆದುಕೊಂಡು ಈ ಕಣಿವೆಗೆ ಬಂದವರು. ಹೊಸಿಲಿನ ಹೊರಗೆ ತಮಿಳು, ಒಳಗೆ ಕನ್ನಡ. ಓದು ಬರಹವೆಲ್ಲ ತಮಿಳಿನಲ್ಲೇ. ಕೊಳ್ಳೇಗಾಲದ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದ್ದರಿಂದ ನಾನೊಬ್ಬ ಮಾತ್ರ ಕನ್ನಡದ ಅಕ್ಷರ ಬಲ್ಲೆ. ಅಕ್ಕನಿಗಾಗಲಿ ಭಾವನಿಗಾಗಲಿ ಈ ಅಕ್ಷರ ಬಾರದು. ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ನನಗೆ ಎಲ್ಲಿಂದ ಬಂತೆಂದು ಬೇರೆ ಬಿಡಿಸಿ ಹೇಳಬೇಕೆ?

ಕೆಲಸದಿಂದ ಬಿಡುಗಡೆಯಾಗಿ ಊರಿಗೆ ಬಂದಾಗ ಭಾವ ಲಾರಿಯಿಂದ ಇಳಿಸಿದ್ದು ಮೂರು ವಸ್ತು: ಒಂದು ಸೀಟಿ, ಒಂದು ತಗಡಿನ ತುತ್ತೂರಿ, ಒಂದು ಭಾರಿ ಹಂಡೆ. ಸೀಟಿ ತುತ್ತೂರಿಗಳು ಊರಿಗೆ ಅರ್ಥವಾದವು. ನಾಲ್ಕು ಜನರ ಮನೆಗೆ ಇನ್ನೂರು ಜನರಿಗೆ ಅನ್ನ ಬೇಯಿಸುವ ಹಂಡೆ ಯಾಕೆಂದು ಯಾರಿಗೂ ಅರ್ಥವಾಗಲಿಲ್ಲ. ಅಕ್ಕ ಅದರಲ್ಲಿ ಸೌದೆ ತುಂಬಿಟ್ಟಳು. ಆಮೇಲೆ ಒಂದು ಕೋಳಿ ಅದರೊಳಗೆ ಮೊಟ್ಟೆಗೆ ಕೂತಿತು.

ಒಂದು ವಾರ ಕಳೆಯುವುದರೊಳಗೆ ಭಾವ ಮನೆಯ ಜಗಲಿಗೆ ಕಂಟ್ರೋಲ್ ರೂಮ್ ಎಂದು ಹೆಸರಿಟ್ಟರು. ದೊಡ್ಡ ಶಹರ ಹೇಗೆ ಬದುಕುತ್ತದೆ ಗೊತ್ತೆ ನಿಮಗೆ? ನಮಗೂ ಗೊತ್ತಿರಲಿಲ್ಲ. ಭಾವ ಹೇಳಿದರು. ಮಳೆಗಾಲಕ್ಕೆ ಎರಡು ತಿಂಗಳಿರುವಾಗಲೇ ಚರಂಡಿ ತೋಡುತ್ತಾರೆ, ಒಣಗಿದ ಮರ ಕಡಿಯುತ್ತಾರೆ, ಮರಳು ಮೂಟೆ ಕಟ್ಟುತ್ತಾರೆ. ಯಾವ ಬೀದಿಗೆ ನೀರು ಮೊದಲು ನುಗ್ಗುತ್ತದೆ, ಯಾವ ಶಾಲೆಯ ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ, ಯಾವ ಮನೆಯಲ್ಲಿ ಬಸುರಿ, ಯಾವ ಮನೆಯಲ್ಲಿ ಕಾಲಿಲ್ಲದವರು, ಎಲ್ಲಕ್ಕೂ ಪಟ್ಟಿ ಇರುತ್ತದೆ.

"ಅದು ಸಮುದ್ರದ ಊರು ಬಾವಾ. ಇಲ್ಲಿ ಸಮುದ್ರ ಎಲ್ಲೈತೆ?" ಎಂದೆ ನಾನು.

ಭಾವ ಪಶ್ಚಿಮದ ಬೆಟ್ಟದ ಕಡೆ ಗದ್ದ ಎತ್ತಿ ತೋರಿಸಿದರು. "ಅಗೋ. ಸಮುದ್ರ ಎದ್ದು ನಿಂತ್ಕಂಡೈತೆ ಅಂತ ತಿಳ್ಕೋ ಮೈದುನಾ."

ನಾನು ನಕ್ಕೆ. ನಗುವುದು ನನ್ನ ಹಕ್ಕು. ನಮ್ಮ ಕಡೆ ಭಾವನನ್ನು ಗೇಲಿ ಮಾಡದ ಮೈದುನ ಸಂಬಂಧ ಕಡಿದುಕೊಂಡವನಿಗೆ ಸಮಾನ.

ಮದ್ರಾಸಿನ ಬಂದರಿನಲ್ಲಿ ಬಿರುಗಾಳಿ ಬರುವ ಮುಂಚೆ ಕಂಬಕ್ಕೆ ಪಂಜರದಂಥದ್ದನ್ನು ಏರಿಸುತ್ತಾರಂತೆ. ದೂರದಲ್ಲಿದ್ದರೆ ಒಂದನೇ ನಂಬರು, ಹತ್ತಿರ ಬಂದಂತೆ ದೊಡ್ಡ ನಂಬರು. ಭಾವ ಮನೆಯ ಮುಂದೆ ಅಡಿಕೆ ದಬ್ಬೆಗಿಂತ ನೆಟ್ಟಗಿನ ಒಂದು ಬಿದಿರ ಗಳ ನೆಟ್ಟು, ತುದಿಗೆ ರಾಟೆ ಕಟ್ಟಿ, ಅಕ್ಕನ ಕೋಳಿಪಂಜರವನ್ನು ಏರಿಸಿದರು. ಬೆಟ್ಟದ ಮೇಲೆ ಮೋಡ ಕಂಡರೆ ಒಂದು ಪಂಜರ, ಮಳೆಯಾದರೆ ಎರಡು, ಹಳ್ಳ ಬರುವಂತಿದ್ದರೆ ಮೂರು. ಅದಕ್ಕಿಂತ ದೊಡ್ಡ ಅಪಾಯ ನಮ್ಮ ಊರಿಗೆ ಬರುವಂತಿರಲಿಲ್ಲ. ಅಕ್ಕನ ಹತ್ತಿರ ಇದ್ದದ್ದೇ ಮೂರು ಪಂಜರ.

"ಊರು ಉಳಿಸ್ತೀರೋ ಇಲ್ವೋ, ನನ್ನ ಕೋಳಿನ ನರಿ ತಿನ್ನುತ್ತೆ," ಎಂದು ಅಕ್ಕ ದಿನಾ ಸಂಜೆ ಕಂಬದ ಬುಡದಲ್ಲಿ ನಿಂತು ಹೇಳುತ್ತಿದ್ದಳು.

ಆ ವರ್ಷಗಳಲ್ಲಿ ಚುನಾವಣೆಗಳು ಮಳೆಗಿಂತ ಹೆಚ್ಚಾಗಿ ಬರುತ್ತಿದ್ದವು. ಒಂದು ಪಕ್ಷದವರು ಜೀಪಿನಲ್ಲಿ ಬಂದು, ಕೋಳಿಪಂಜರ ಯಾವ ಹೊಸ ಪಕ್ಷದ ಗುರುತು ಎಂದು ವಿಚಾರಿಸಿದರು. ಭಾವ ಅವರನ್ನು ಕೂರಿಸಿ ಒಂದು ಗಂಟೆ ವಿವರಿಸಿದರು. ಹೋಗುವಾಗ ಅವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿತ್ತು: "ಪ್ರಣಾಳಿಕೆ ಚೆನ್ನಾಗಿದೆ. ಹುಷಾರಾಗಿರಬೇಕು."

ಪಟ್ಟಿಯ ಕಥೆ ಇನ್ನೊಂದು. ಭಾವ ಮನೆಮನೆಗೆ ಹೋಗಿ 'ಓಡಲಾರದವರು' ಎಂದು ಒಂದು ಪಟ್ಟಿ ಬರೆದುಕೊಂಡರು. ಅದರಲ್ಲಿ ಮೊದಲ ಹೆಸರು ಮೂಲೆಮನೆಯ ಅಜ್ಜಿಯದು. ಎಂಬತ್ತರ ಮೇಲಾಗಿತ್ತು.

"ಯಾರ್ಲಾ ಏಳ್ದೋನು ನಾನು ಓಡಲಾರೆ ಅಂತ?"

"ಅವ್ವಾ, ವಯಸ್ಸಾಯ್ತಲ್ಲ, ಅದಕ್ಕೆ..."

"ಹಿಡಿ ಈ ಕೋಲ," ಎಂದು ಅಜ್ಜಿ ಊರುಗೋಲನ್ನು ಭಾವನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಬೀದಿಯ ಈ ತುದಿಯಿಂದ ಆ ತುದಿಗೆ ಓಡಿದಳು. ಓಡಿ ಆ ತುದಿಯಲ್ಲೇ ಕೂತಳು. ವಾಪಸು ಹೊತ್ತು ತಂದವರು ಭಾವ. "ಈಗ ಏನಂತ ಬರ್ಕೋತೀಯ?" ಎಂದಳು ಅವರ ಬೆನ್ನ ಮೇಲಿಂದಲೇ. "ಒಂದು ಕಡೆಗೆ ಓಡಬಲ್ಲರು" ಎಂದು ತಿದ್ದಿಕೊಂಡರು ಭಾವ.

ಬೆಟ್ಟದ ಮೇಲಿನ ಏಲಕ್ಕಿ ತೋಟವೊಂದರ ಕಾವಲುಗಾರನಿಗೆ ಹೇಳಿ, ಅಲ್ಲಿ ಜೋರು ಮಳೆ ಹಿಡಿದರೆ ನಮ್ಮೂರ ಟೆಲಿಫೋನ್ ಬೂತಿಗೆ ಫೋನು ಮಾಡುವ ಏರ್ಪಾಡನ್ನೂ ಮಾಡಿದರು. ಇದು ಮಾತ್ರ ನನಗೆ ನಗೆ ತರಿಸಲಿಲ್ಲ. ನನಗೆ ಗೊತ್ತೇ ಇರಲಿಲ್ಲ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ನನ್ನ ಮೊಮ್ಮಗನ ಕಿವಿ ಚುಚ್ಚುವ ಶಾಸ್ತ್ರ. ಚಪ್ಪರ ಹಾಕಿ ಊಟ ಇಟ್ಟಿದ್ದೆ. ಗೂಡಲೂರಿನಿಂದ ಬೀಗರು ಬಂದಿದ್ದರು, ಸ್ವಲ್ಪ ಬಿಗಿಯ ಜನ. ಭಾವ ಬೆಳಿಗ್ಗೆಯೇ ಬಂದು ಒಲೆಯ ಪಕ್ಕ ಮರಳಿನ ಬಕೆಟ್ಟು ಇಡಿಸಿದರು. ಚಪ್ಪರದ ಒಂದು ಬದಿ ಬಿಚ್ಚಿಸಿ, ಬೆಂಕಿ ಬಿದ್ದರೆ ಓಡಲು ದಾರಿ ಎಂದರು. ಊಟದ ನಡುವೆ ಸೀಟಿ ಊದಿ, "ದಾರಿಯಲ್ಲಿ ಯಾರೂ ಕೂರಬೇಡಿ," ಎಂದು ನನ್ನ ಬೀಗರನ್ನೇ ಎಬ್ಬಿಸಿದರು. ಎಲೆ ಮುಂದಿನಿಂದ! ಬೀಗರು ನನ್ನ ಮುಖ ನೋಡಿದರು. ಅಷ್ಟಾದರೂ ಸಹಿಸುತ್ತಿದ್ದೆನೇನೋ. ಆದರೆ ಆಮೇಲೆ ಅದೇ ಬೀಗರು ನನ್ನನ್ನು ಬಿಟ್ಟು ಭಾವನ ಸುತ್ತ ಕೂತು, ಬಾಯಿ ತೆರೆದುಕೊಂಡು ಮದ್ರಾಸಿನ ಕಥೆ ಕೇಳತೊಡಗಿದರು. ಮನೆ ನನ್ನದು, ಮೊಮ್ಮಗ ನನ್ನವನು, ಪಾಯಸ ನನ್ನದು.

ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಬಾವ ಬೆಂಕಿ ಆರಿಸ್ದೋರಲ್ಲ, ಒಲೆ ಹಚ್ಚಿದೋರು. ಠಾಣೆಯ ಅಡಿಗೆಯೋರು. ಬೇಕಾದ್ರೆ ಅವರನ್ನೇ ಕೇಳಿ."

ಚಪ್ಪರವೆಲ್ಲ ನಕ್ಕಿತು. ಭಾವ ನನ್ನನ್ನು ನೋಡಿದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಲೋಟ ಮಜ್ಜಿಗೆ ಕೇಳಿ ಕುಡಿದು, ಮರಳಿನ ಬಕೆಟ್ಟು ಎತ್ತಿಕೊಂಡು ಮನೆಗೆ ಹೋದರು.

ನಾನು ಹೇಳಿದ್ದು ನಿಜ. ಮದುವೆಗೆ ಮುಂಚೆ ಗಂಡನ್ನು ನೋಡಿ ಬರಲು ಅಪ್ಪ ನನ್ನನ್ನು ಮದ್ರಾಸಿಗೆ ಕಳಿಸಿದ್ದರು, ಹೈಸ್ಕೂಲು ಓದಿದವನೆಂದು. ಬೆಂಕಿ ಠಾಣೆಗೆ ಹೋದೆ. ಕೆಂಪು ಬಂಡಿಗಳು, ಹೊಳೆಯುವ ಗಂಟೆ. ಹೆಸರು ಹೇಳಿ ಕೇಳಿದರೆ ಹಿತ್ತಲಿನಿಂದ ಸೌಟು ಹಿಡಿದ ಒಬ್ಬ ತೆಳ್ಳನೆಯ ಮನುಷ್ಯ ಬಂದ. ನಾನು ಯಾರೆಂದು ಕೇಳುವ ಮುಂಚೆ ಊಟವಾಯಿತೇ ಎಂದು ಕೇಳಿದ. ಕೂರಿಸಿ ಬಡಿಸಿದ. ಅನ್ನ, ಒಣಗಿಸಿದ ಸುಂಡೆಕಾಯಿಯ ಕುಳಂಬು ಎಂಬ ಹುಳಿಸಾರು, ಸುಟ್ಟ ಹಪ್ಪಳ. ನಾನು ಮೂರು ಸಲ ಹಾಕಿಸಿಕೊಂಡೆ. ನೀರು ನಿಂತ ಬೀದಿಗಳಲ್ಲಿ ಶಾಲೆಗಳಿಗೆ ಹೋಗಿ ಸಾವಿರಗಟ್ಟಲೆ ಅನ್ನದ ಪೊಟ್ಟಣ ಕಟ್ಟುವುದೂ ಆತನ ಕೆಲಸವೇ ಎಂದು ಅಲ್ಲಿಯವರು ಹೇಳಿದರು. ಇನ್ನೊಬ್ಬರ ಒಲೆ ಉರಿಸುವವನಿಗೆ ನಮ್ಮ ಬೇಸಾಯದ ಮನೆಗಳಲ್ಲಿ ಯಾರು ಹೆಣ್ಣು ಕೊಡುತ್ತಾರೆ? ಅಪ್ಪನಂತೂ ಕೊಡುವವರಲ್ಲ. ಆದರೆ ನನಗೆ ಅಕ್ಕನ ಮೇಲೆ ಪ್ರಾಣ, ಆ ಮನುಷ್ಯನ ಮೇಲೆ ಒಂದೇ ಊಟಕ್ಕೆ ವಿಶ್ವಾಸ. ಊರಿಗೆ ಬಂದು ಹೇಳಿದೆ: "ಹೆಲ್ಮೆಟ್ಟು ಹಾಕ್ಕೊಂಡು ಬೆಂಕಿಯೊಳಗೆ ನುಗ್ತಾರಪ್ಪಾ. ನಾನೇ ಕಣ್ಣಾರೆ ನೋಡಿದೆ."

ಆ ಸುಳ್ಳಿಗೆ ನನಗೆ ಪಶ್ಚಾತ್ತಾಪವಿಲ್ಲ. ಅದನ್ನು ಪ್ರೀತಿಯಿಂದ ಹೇಳಿದೆ. ಚಪ್ಪರದಲ್ಲಿ ಹೇಳಿದ ನಿಜವನ್ನು ಹೊಟ್ಟೆಕಿಚ್ಚಿನಿಂದ ಹೇಳಿದೆ. ಪಶ್ಚಾತ್ತಾಪ ಅದಕ್ಕೆ. ಸುಳ್ಳನ್ನು ಕಟ್ಟಿದವನು ಈ ಮೈದುನನೇ ಎಂದು ಭಾವ ಒಂದು ಮಾತು ಹೇಳಿದ್ದರೆ ಆವತ್ತು ಚಪ್ಪರ ನನ್ನನ್ನು ನೋಡಿ ನಗುತ್ತಿತ್ತು. ಭಾವ ಹೇಳಲಿಲ್ಲ.

ಮಾರನೆಯ ದಿನ ಕಂಬದಿಂದ ಪಂಜರ ಇಳಿಯಿತು. ಕಂಟ್ರೋಲ್ ರೂಮು ಮತ್ತೆ ಜಗಲಿಯಾಯಿತು. ಬೀದಿಯಲ್ಲಿ ಭಾವ ನಡೆದರೆ, "ಇವತ್ತು ಸಾಂಬಾರು ಎಷ್ಟನೇ ನಂಬರು?" ಎಂದು ಕೇಳುವವರು ಹುಟ್ಟಿಕೊಂಡರು. ಅವರ ಮಾತಿಗೆ ಊರಿನಲ್ಲಿದ್ದ ತೂಕ ಒಂದೇ ಊಟದಲ್ಲಿ ಕರಗಿತು. ಅಕ್ಕ ನನ್ನ ಮನೆಗೆ ಬರುವುದನ್ನು ನಿಲ್ಲಿಸಿದಳು. ಸಂತೆಗೆ ಮಾತ್ರ ಜೊತೆಗೆ ಬರುತ್ತಿದ್ದಳು. ಅದಕ್ಕೆ ಕಾರಣವಿದೆ.

ನಮ್ಮ ಸಂತೆ ವಾರಕ್ಕೊಮ್ಮೆ ಹಳ್ಳದ ಒಣ ಮರಳಿನ ಮೇಲೆಯೇ ಕೂಡುತ್ತದೆ. ನಮ್ಮವರ ವ್ಯಾಪಾರಕ್ಕೆ ಇಬ್ಬರು ಬೇಕು. ಅಂಗಡಿಯವನ ಹತ್ತಿರ ತಮಿಳಿನಲ್ಲಿ, "ಇದೇನು ಸರಕೋ, ಬೇಡವೇ ಬೇಡ," ಎನ್ನಬೇಕು. ಪಕ್ಕದವರ ಹತ್ತಿರ ಮೆಲ್ಲಗೆ ಕನ್ನಡದಲ್ಲಿ, "ಒಳ್ಳೇ ಮಾಲು, ಬಿಡಬೇಡ," ಎನ್ನಬೇಕು. ತಲೆತಲಾಂತರದಿಂದ ಹೀಗೇ ನಡೆದಿದೆ. ನಮ್ಮ ಮನೆಮಾತು ಹೊರಗಿನವರಿಗೆ ತಿಳಿಯದೆಂಬುದು ನಮ್ಮ ಗಟ್ಟಿ ನಂಬಿಕೆ.

ಆವತ್ತು ಐಪ್ಪಸಿ ತಿಂಗಳ, ಎಂದರೆ ಹಿಂಗಾರು ಮಳೆಯ ಕಾಲದ ಸಂತೆ. ಬೆಳಿಗ್ಗೆ ಹನ್ನೊಂದರ ಬಿಸಿಲು ನೆತ್ತಿ ಸುಡುತ್ತಿತ್ತು. ನಾನೂ ಅಕ್ಕನೂ ಬತ್ತಲಗುಂಡಿನಿಂದ ಬರುವ ಹಗ್ಗದ ವ್ಯಾಪಾರಿಯ ಮುಂದೆ ಕೂತು ಎತ್ತಿನ ಹಗ್ಗಕ್ಕೆ ಚೌಕಾಸಿ ನಡೆಸಿದ್ದೆವು. ದಂಡೆಯ ಮೇಲೆ ಸೀಟಿ ಕೇಳಿಸಿತು. ನೋಡಿದರೆ ಭಾವ, ಕೈಯಲ್ಲಿ ತುತ್ತೂರಿ. ಬೆಟ್ಟದಿಂದ ಬೂತಿಗೆ ಫೋನು ಬಂದಿತ್ತು, ಬೆಳಗಿನಿಂದ ಅಲ್ಲಿ ಆಕಾಶ ಕಳಚಿ ಬಿದ್ದಂತೆ ಮಳೆ ಎಂದು. ಪಂಜರ ಇಳಿಸಿದ್ದ ಭಾವ ಆ ಏರ್ಪಾಡನ್ನು ಮಾತ್ರ ರದ್ದು ಮಾಡಿರಲಿಲ್ಲ.

ಭಾವ ಮದ್ರಾಸಿನ ಶಿಸ್ತಿನಲ್ಲಿ, ಅಚ್ಚ ತಮಿಳಿನಲ್ಲಿ ಸಾರಿದರು: "ಪೊದುಮಕ್ಕಳೇ, ವೆಳ್ಳಂ ವರುದು, ಎಲ್ಲಾರುಂ ಮೇಲೆ ವಾಂಗ." ಸಾರ್ವಜನಿಕರೇ, ಪ್ರವಾಹ ಬರುತ್ತಿದೆ, ಎಲ್ಲರೂ ಮೇಲೆ ಬನ್ನಿ.

ಯಾರೂ ಅಲುಗಲಿಲ್ಲ. ತುತ್ತೂರಿಯಲ್ಲಿ ತಮಿಳು ಬಂದರೆ ಅದು ಓಟಿನವರದು, ಸಿನಿಮಾದವರದು, ಸೂಜಿಮದ್ದಿನವರದು. ಅದರ ಮೇಲೆ ಈ ಬಿಸಿಲು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ನಾನೂ ತಮಿಳಿನಲ್ಲೇ ಕೂಗಿದೆ: "ಎನ್ನ ಮಚ್ಚಾನ್, ಸಾಂಬಾರ್ ಪೊಂಗುದಾ?" ಏನು ಭಾವಾ, ಸಾಂಬಾರು ಉಕ್ಕುತ್ತಿದೆಯೇ? ಸಂತೆ ಗೊಳ್ಳೆಂದಿತು.

ಭಾವ ತುತ್ತೂರಿಯನ್ನು ದಂಡೆಯ ಮೇಲೆ ಇಟ್ಟರು. ಮರಳಿಗೆ ಇಳಿದು ನೇರ ನಮ್ಮ ಹತ್ತಿರ ಬಂದರು. ಮುಖ ಬೆಳ್ಳಗಾಗಿತ್ತು. ಅಕ್ಕನ ತೋಳು ಹಿಡಿದು, ಕೂಗದೆ, ನಮ್ಮ ಮಾತಿನಲ್ಲಿ ಹೇಳಿದರು:

"ನೀರು ಬತ್ತಾ ಐತೆ ಕಣೇ. ನಾನ್ ಏಳಿದ್ರೆ ಇವರ್ಯಾರೂ ನಂಬಾಕಿಲ್ಲ. ನೀನಾರ ಏಳು."

ಅಕ್ಕ ಏಳುವ ಮುಂಚೆ ಎದ್ದವನು ಹಗ್ಗದ ವ್ಯಾಪಾರಿ! ಹಗ್ಗದ ಸುರುಳಿಗಳನ್ನು ಎರಡು ತೋಳಿಗೂ ಏರಿಸಿಕೊಂಡು ದಂಡೆಗೆ ಓಡಿದ. ಅವನನ್ನು ನೋಡಿ ಮಡಕೆಯವನು, ಅವನ ಹಿಂದೆ ಬೆಳ್ಳುಳ್ಳಿಯವಳು, ಅವಳ ಹಿಂದೆ ಬಾಳೆಹಣ್ಣಿನವರು. ಒಂದು ಗಳಿಗೆಯಲ್ಲಿ ಹೊರಗಿನ ವ್ಯಾಪಾರಿಗಳೆಲ್ಲ ಮೇಲಿದ್ದರು, ನಮ್ಮವರು ಕೆಳಗೆ ಬಾಯಿಬಿಟ್ಟುಕೊಂಡು ನಿಂತಿದ್ದರು. ಆಮೇಲೆ ನಮ್ಮವರೂ ಓಡಿದರು. ಮೂಲೆಮನೆಯ ಅಜ್ಜಿ ನನ್ನನ್ನು ದಾಟಿಕೊಂಡು ಹೋದಳು. ಸುದೈವದಿಂದ ಓಡಬೇಕಾದದ್ದು ಒಂದೇ ಕಡೆಗಿತ್ತು.

ಆಮೇಲೆ ಹಗ್ಗದವನನ್ನು ಕೇಳಿದೆ, ನಿನಗೆ ನಮ್ಮ ಮಾತು ಹೇಗೆ ತಿಳಿಯಿತು ಎಂದು. "ಮೂವತ್ತು ವರ್ಷದಿಂದ ತಿಳಿಯುತ್ತೆ ಅಯ್ಯಾ," ಎಂದ. "ನೀವು ತಮಿಳಿನಲ್ಲಿ ಹೇಳುವುದು ವ್ಯಾಪಾರ. ನಿಮ್ಮೊಳಗೆ ಹೇಳಿಕೊಳ್ಳುವುದೇ ನಿಜ. ಇದು ಸಂತೆಗೆಲ್ಲ ಗೊತ್ತು."

ಆದರೆ ಕೇಳಿದ್ದು ಆಮೇಲೆ. ಆಗ ನಾನು ಇನ್ನೂ ಕೆಳಗಿದ್ದೆ. ಎಲ್ಲರೂ ಓಡಿದರೂ ನಾನು ಓಡಲಿಲ್ಲ. ಅಷ್ಟು ನಕ್ಕವನು ಅಷ್ಟು ಬೇಗ ಹೇಗೆ ಓಡುವುದು? ಬೆಟ್ಟದ ಕಡೆಯಿಂದ ಲಾರಿ ಬಂದಂತೆ ಸದ್ದಾಯಿತು. ತಿರುವಿನಲ್ಲಿ ಕಂದು ಬಣ್ಣದ ಗೋಡೆಯೊಂದು ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಬಿಸಿಲಿನಲ್ಲಿ ಹೊಳೆಯುತ್ತಾ ಬಂತು. ಸೊಂಟಕ್ಕೆ ನೀರು ಬಂದಾಗ ಒಂದು ಹಗ್ಗ ನನ್ನ ಮುಖಕ್ಕೆ ಬಡಿಯಿತು. ಬೇಡವೇ ಬೇಡ ಎಂದು ನಾನು ಅರ್ಧ ಗಂಟೆ ತೆಗಳಿದ್ದ ಅದೇ ಹಗ್ಗ. ಒಂದು ತುದಿ ಹುಣಸೆ ಮರಕ್ಕೆ, ನಡುವೆ ಹಗ್ಗದವನು, ಮುಂದೆ ನೀರಿಗೆ ಇಳಿದು ನಿಂತ ಭಾವ. ಎಳೆದು ದಡಕ್ಕೆ ಹಾಕಿದರು. ಒಳ್ಳೇ ಮಾಲು. ತುಂಡಾಗಲಿಲ್ಲ.

ಜೀವ ಒಂದೂ ಹೋಗಲಿಲ್ಲ. ಆದರೆ ಸಂತೆ ಹೋಯಿತು, ಕೊಂಬೈ ರಸ್ತೆಯ ಸೇತುವೆಯ ಮೇಲೆ ನೀರು ಹರಿಯಿತು, ದಂಡೆಯ ಮನೆಗಳಿಗೆ ಕೆಸರು ನುಗ್ಗಿತು. ಇನ್ನೂರಕ್ಕೂ ಹೆಚ್ಚು ಜನ ಒದ್ದೆ ಬಟ್ಟೆಯಲ್ಲಿ ಬೀದಿಯಲ್ಲಿ ನಿಂತರು. ಶಾಲೆಯ ಬೀಗದ ಕೈ ಯಾರ ಹತ್ತಿರ? ಭಾವನ ಪಟ್ಟಿಯಲ್ಲಿತ್ತು. ಹಂಡೆಯಿಂದ ಸೌದೆಯೂ ಕೋಳಿಯೂ ಹೊರಬಂದವು. ಮನೆಗೊಂದು ಅಳತೆ ಅಕ್ಕಿ ಬಂತು. ಭಾವ ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತಾಗ, ಮೂವತ್ತೈದು ವರ್ಷದ ಹಿಂದೆ ಹಿತ್ತಲಿನಿಂದ ಸೌಟು ಹಿಡಿದು ಬಂದ ಆ ತೆಳ್ಳನೆಯ ಮನುಷ್ಯನನ್ನು ಮತ್ತೆ ಕಂಡೆ. ಶಹರಕ್ಕೆ ನೀರು ನುಗ್ಗಿದಾಗ ಜನ ಮೊದಲ ಗಂಟೆ ದೋಣಿ ಕೇಳುತ್ತಾರಂತೆ. ಎರಡನೆಯ ಗಂಟೆಯಿಂದ ಅನ್ನ. ದೋಣಿಯವರ ಫೋಟೋ ಪೇಪರಿನಲ್ಲಿ ಬರುತ್ತದೆ.

ನಾನು ಬಾಳೆ ಎಲೆ ಒರೆಸಿ ಪೊಟ್ಟಣ ಕಟ್ಟಲು ಕೂತೆ. ನನ್ನನ್ನು ಯಾರೂ ಕರೆದಿರಲಿಲ್ಲ. ಭಾವ ಸೌಟಿನ ತುದಿಯಲ್ಲಿ ಸ್ವಲ್ಪ ಸಾಂಬಾರು ನನ್ನ ಅಂಗೈಗೆ ಹಾಕಿದರು.

"ಉಪ್ಪು ನೋಡು ಮೈದುನಾ."

"ಸರಿಯಾಗೈತೆ ಬಾವಾ," ಎಂದೆ.

ಅಷ್ಟೇ ಮಾತು. ಊರು ಮತ್ತೆ ಭಾವನನ್ನು ನಂಬಿತು. ಪಂಜರ ಏರಿಸಿ ಎಂದು ಎಷ್ಟೋ ಜನ ಕೇಳಿದರು. "ಅಡಿಗೆಯೋನಿಗೆ ಅದೆಲ್ಲ ಯಾಕಪ್ಪಾ," ಎಂದು ಭಾವ ನಕ್ಕು ಸುಮ್ಮನಾಗುತ್ತಿದ್ದರು. ಒಂದು ವರ್ಷವಾಯಿತು. ಕಂಬ ಖಾಲಿಯಾಗಿಯೇ ಇದೆ. ಹಳ್ಳದಿಂದ ನನ್ನನ್ನು ಎಳೆದ ಹಗ್ಗವನ್ನು ನಾನೇ ರಾಟೆಗೆ ಕಟ್ಟಿ ಬಂದೆ. ಅದೂ ಗಾಳಿಗೆ ಸುಮ್ಮನೆ ತೂಗಾಡುತ್ತಿದೆ.

ಇಲ್ಲಿಗೆ ಈ ಪ್ರಬಂಧವನ್ನು ಮುಗಿಸಿದ್ದೆ. ನಿನ್ನೆ ಸಂಜೆ ಅಕ್ಕನ ಜಗಲಿಯಲ್ಲಿ ಕೂತು ಕಡೆಯ ಸಾಲು ತಿದ್ದುತ್ತಿರುವಾಗ ಅಕ್ಕ ಬಂದು ನಿಂತಳು.

"ಏನ್ಲಾ ಅದು, ವಾರದಿಂದ ಬರೀತಾ ಇದೀಯ?"

"ಸುಮ್ನೆ ಅಕ್ಕಾ."

"ಸುಮ್ನೆ ಆದ್ರೆ ಓದು."

ತಮಿಳಿಗೆ ತಿರುಗಿಸಿ, ಅಲ್ಲಿ ಇಲ್ಲಿ ಹಾರಿಸಿ ಓದಬಹುದಿತ್ತು. ಹಗ್ಗದವನ ಮಾತು ನೆನಪಾಯಿತು. ನಮ್ಮ ಮಾತಿನಲ್ಲೇ, ಮೊದಲಿನಿಂದ ಕಡೆಯವರೆಗೆ, ಒಂದು ಸಾಲೂ ಬಿಡದೆ ಓದಿದೆ. ಭಾವ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳಿದರು. ಮುಗಿಸಿ ತಲೆ ತಗ್ಗಿಸಿದೆ.

ಭಾವ ಕಣ್ಣು ತೆರೆದು, "ಒಂದು ಬಿಟ್ಟಿದೀಯ," ಎಂದರು. "ಆವತ್ತು ಉಪ್ಪು ಕಮ್ಮಿ ಇತ್ತು. ನೀನು ಸರಿಯಾಗೈತೆ ಅಂದೆ."

ನಾನು ಹಾಳೆಗಳನ್ನು ಮಡಿಸತೊಡಗಿದೆ.

"ನಿಂಗೆ ಸುಳ್ಳು ಏಳಕ್ಕೆ ಬರಾಕಿಲ್ಲ ಮೈದುನಾ. ಮದುವೆ ದಿನವೇ ನಿಮ್ಮಪ್ಪ ನನ್ನ ಪಕ್ಕಕ್ಕೆ ಕರೆದು ಏಳಿದ್ರು. 'ನನ್ನ ಮಗ ಹೆಲ್ಮೆಟ್ಟು ನೋಡಿದೆ ಅಂತಾನೆ. ಹೆಲ್ಮೆಟ್ಟಿನ ಬಗ್ಗೆ ಒಂದು ಮಾತು, ಕುಳಂಬಿನ ಬಗ್ಗೆ ಎರಡು ದಿನ ಮಾತಾಡಿದ. ಅಷ್ಟು ಚೆನ್ನಾಗಿ ಬಡಿಸೋನು ನನ್ನ ಮಗಳನ್ನ ಹಸಿದಿರಕ್ಕೆ ಬಿಡಾಕಿಲ್ಲ, ಅದಕ್ಕೇ ಕೊಟ್ಟೆ' ಅಂದ್ರು."

ಅಕ್ಕನ ಕಡೆಗೆ ನೋಡಿದೆ. ಅವಳು ಬೆಟ್ಟ ನೋಡುತ್ತಿದ್ದಳು. ಅಲ್ಲಿ ಮುಷ್ಟಿಯಷ್ಟು ಒಂದು ಮೋಡ ಇತ್ತೋ ಇಲ್ಲವೋ. ಅಕ್ಕ ಅಂಗಳಕ್ಕಿಳಿದಳು. ಕೋಳಿಗಳನ್ನು ಆಗಷ್ಟೇ ಮುಚ್ಚಿದ್ದಳು. ಒಂದು ಪಂಜರವನ್ನು ಎತ್ತಿ, ಒಳಗಿದ್ದ ಕೋಳಿಯನ್ನು ಸೆರಗಿನಲ್ಲಿ ಅವುಚಿಕೊಂಡು, ಪಂಜರವನ್ನು ತಂದು ಭಾವನ ಮುಂದೆ ಇಟ್ಟಳು.

"ನರಿ ಬಂದ್ರೆ?" ಎಂದರು ಭಾವ.

"ಬರಲಿ. ನಾನು ಎದ್ದಿರ್ತೀನಿ."

ಭಾವ ಎದ್ದು ಪಂಜರಕ್ಕೆ ಗಂಟು ಹಾಕಿದರು. ನಾನು ಹಗ್ಗದ ಇನ್ನೊಂದು ತುದಿ ಹಿಡಿದು ಎಳೆದೆ.